ಗುಡ್ಡದ ಹಿಮ, ತಂಗಿಯ ಕುಬಸ

ಅವ್ವ ಗದಗಿನಿಂದ ಈ ಪರದೇಶಕ್ಕೆ ಕಳಿಸಿದ ಹಸಿರು ಗಾಜಿನ ಬಳೆಗಳು ಸಮಾಮಿಶ್‌ನ ನಮ್ಮ ಮನೆಯ ದೇವರ ಗೂಡಿನಲ್ಲಿ ಎರಡು ತಿಂಗಳು ಕೊಳೆತದ್ದು ಬೆಟ್ಟದ ಮೇಲಿನ ಒಂದು ಕಂಬದ ದೆಸೆಯಿಂದ. ಬೇರೆ ಎಲ್ಲಿಂದ ಶುರು ಮಾಡಿದರೂ ನನ್ನ ಸಿಟ್ಟಿಗೆ ನ್ಯಾಯ ಸಿಗುವುದಿಲ್ಲ.

ನನ್ನ ತಂಗಿ ಇದ್ದದ್ದು ಪರ್ವತದ ಆಚೆ, ಎಲೆನ್ಸ್‌ಬರ್ಗಿನಲ್ಲಿ. ನಾವು ಈಚೆ. ನಡುವೆ ಸ್ನೊಕ್ವಾಲ್ಮಿ ಘಾಟಿ. ಬೇಸಿಗೆಯಲ್ಲಾದರೆ ಎರಡು ಗಂಟೆಯೂ ಹಿಡಿಯದ ದಾರಿ. ಆ ಚಳಿಗಾಲದಲ್ಲಿ ಅವಳು ಚೊಚ್ಚಲ ಬಸುರಿ. ನಮ್ಮ ಗದಗಿನ ಕಡೆ ಬಸುರಿಗೆ ಸೀಮಂತದ ಹಾಗೆ ಕುಬಸ ಮಾಡುತ್ತೇವೆ. ತವರಿನವರು ಹಸಿರು ಸೀರೆ, ಕುಬಸದ ಖಣ, ಬಳೆ, ಬುತ್ತಿ ಒಯ್ದು ಮಗಳ ಉಡಿ ತುಂಬಬೇಕು. ಅವ್ವ ಬಾಣಂತನಕ್ಕೆ ಬರುವವಳು, ಎರಡೆರಡು ಸಲ ಹಾರಿ ಬರಲಾಗದು. ಹಾಗಾಗಿ ಈ ದೇಶದಲ್ಲಿ ತಂಗಿಗೆ ತವರು ಎಂದರೆ ನಾನೊಬ್ಬಳೇ. ಮದುವೆಯಲ್ಲಿ ಅವಳು ತೊಟ್ಟ ಅಳತೆಯ ಬಳೆಗಳನ್ನೇ ಆರಿಸಿ, ಹತ್ತಿಯಲ್ಲಿ ಸುತ್ತಿ, ಇತ್ತ ಬರುವವರೊಬ್ಬರ ಕೈಯಲ್ಲಿ ಅವ್ವ ಕಳಿಸಿದ್ದಳು.

“ಏಳರಾಗ ಮಾಡಿಬಿಡ್ರಿ,” ಎಂದು ಫೋನಿನಲ್ಲಿ ಹೇಳಿದಳು. “ಎಂಟು ಬ್ಯಾಡ, ಸರಿ ತಿಂಗಳು. ಏಳು ತಪ್ಪಿದ್ರ ಒಂಬತ್ತಕ್ಕ ಹೋಗ್ತೈತಿ.”

ತಪ್ಪಿಸಲು ನನ್ನ ಮನೆಯಲ್ಲೇ ಒಬ್ಬರಿದ್ದರು. ನನ್ನ ಗಂಡ ಮೈಸೂರಿನವರು, ಕರ್ಕ್‌ಲ್ಯಾಂಡಿನ ಕಚೇರಿಯಲ್ಲಿ ಪ್ರೋಗ್ರಾಂ ಬರೆಯುವವರು. ಮದುವೆಯಾದ ಹೊಸದರಲ್ಲಿ ಅದೇ ಘಾಟಿಯಲ್ಲಿ ನಮ್ಮ ಕಾರು ಮಂಜುಗಡ್ಡೆಯ ಮೇಲೆ ಗಿರ್ರನೆ ತಿರುಗಿ, ಬಂದ ದಿಕ್ಕಿಗೇ ಮುಖ ಮಾಡಿ ನಿಂತಿತ್ತು. ಯಾರಿಗೂ ಏನೂ ಆಗಲಿಲ್ಲ. ಆದರೆ ಅಂದಿನಿಂದ ಇವರಿಗೆ ಹಿಮದ ಹುಚ್ಚು ಹಿಡಿಯಿತು. ಬೆಟ್ಟಗಳ ಮೇಲೆ ಅಲ್ಲಲ್ಲಿ ಮನುಷ್ಯರಿಲ್ಲದ ಮಾಪನ ಕೇಂದ್ರಗಳಿವೆ. ನೆಲಕ್ಕೆ ಹಾಸಿದ ದೊಡ್ಡ ದಿಂಬಿನಂಥದ್ದೊಂದು ತನ್ನ ಮೇಲೆ ಕೂತ ಹಿಮದ ತೂಕ ಹೇಳುತ್ತದೆ. ಕಂಬದ ಮೇಲಿನ ಯಂತ್ರ ಕೆಳಕ್ಕೆ ಸದ್ದು ಬಿಟ್ಟು, ಅದು ಮರಳಿ ಬರುವ ಹೊತ್ತಿನಿಂದ ಹಿಮದ ಆಳ ಅಳೆಯುತ್ತದೆ. ಗಂಟೆಗೊಮ್ಮೆ ಎಲ್ಲವನ್ನೂ ತಾನೇ ಕಳಿಸುತ್ತದೆ. ಬೇಸಿಗೆಗೆ ಎಷ್ಟು ನೀರು ಸಿಕ್ಕೀತೆಂದು ತಿಳಿಯಲು ಇಟ್ಟದ್ದಂತೆ. ಇಟ್ಟವರ ಮೇಲೆ ನನಗೇನೂ ದೂರಿಲ್ಲ. ಘಾಟಿಯ ಬಳಿಯ ಕಂಬದ ಸಂಖ್ಯೆಗಳು ಗಂಟೆಗಂಟೆಗೂ ತಮ್ಮ ಫೋನಿಗೆ ಬಂದು ಟಿಂಗ್ ಎನ್ನುವಂತೆ ಮಾಡಿಕೊಂಡವರ ಜೊತೆ ಸಂಸಾರ ಮಾಡಿದವಳು ನಾನು.

ಪುರೋಹಿತರು ಏಳನೇ ತಿಂಗಳಲ್ಲಿ ಎರಡು ದಿನ ಗೊತ್ತು ಮಾಡಿಕೊಟ್ಟರು. ಇವರು ಆ ಎರಡನ್ನೂ ಹಿಮಪಾತದ ಮುನ್ಸೂಚನೆಯ ಜೊತೆ ಇಟ್ಟು, ಹೆಣ್ಣುಗಂಡಿನ ಜಾತಕ ಕೂಡಿಸುವ ಹಾಗೆ ತಾಳೆ ನೋಡಿದರು. ಮೊದಲನೆಯದು ಕೂಡಿಬಂತು. ನಾನು ಸಜ್ಜಿಗಡಬು, ಶೇಂಗಾ ಹೋಳಿಗೆ, ಖಡಕ್ ರೊಟ್ಟಿ ಕಟ್ಟಿದೆ. ಹೊರಡುವ ಬೆಳಿಗ್ಗೆ ಟಿಂಗ್ ಎಂದಿತು.

“ಡೆಪ್ತ್ ಏರ್ತಾನೇ ಇದೆ ನೋಡು. ರಿಸ್ಕ್ ಬೇಡ, ಇನ್ನೊಂದು ಡೇಟ್ ಇದೆಯಲ್ಲ.”

“ರಸ್ತೆ ಕ್ಯಾಮೆರಾದಾಗ ನೋಡ್ರಿ, ಕರೀ ಡಾಂಬರು ಕಾಣ್ತೈತಿ,” ಎಂದೆ.

“ಅದು ಈಗಿಂದು. ನಾನು ಮಧ್ಯಾಹ್ನದ್ದು ಹೇಳ್ತಿದೀನಿ.”

ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಎನ್ನುತ್ತಾರೆ. ಇವರಿಗೆ ಕನ್ನಡಿಯೇ ಬೇಕು, ಅಂಗೈ ಬೇಡ. ಆ ಕಂಬ ನಿಂತಿರುವುದು ರಸ್ತೆಗಿಂತ ಎಷ್ಟೋ ಎತ್ತರದಲ್ಲಿ. ಅಲ್ಲಿ ಹಿಮ ಬಿದ್ದರೆ ಕೆಳಗೆ ರಸ್ತೆಯ ಮೇಲೆ ಬರೀ ಜಿಟಿಜಿಟಿ ಮಳೆ. ಅವತ್ತು ತಂಗಿಯ ಪಕ್ಕದ ಮನೆಯಾಕೆ ಘಾಟಿ ದಾಟಿ ನಮ್ಮ ಕಡೆಯ ಫ್ಯಾಕ್ಟೋರಿಯಾದ ಅಂಗಡಿಗಳಿಗೆ ಬಂದು, ಸಾಮಾನು ಕೊಂಡು, ಸಂಜೆ ಚಹಾದ ಹೊತ್ತಿಗೆ ಮನೆ ಸೇರಿದ್ದಳು. ತಂಗಿ ಇದನ್ನು ಹೇಳಿದಾಗ ನನಗೆ ಮೈಯೆಲ್ಲ ಉರಿಯಿತು. ಹೋಳಿಗೆಯನ್ನು ನಾವಿಬ್ಬರೇ ವಾರವಿಡೀ ತಿಂದೆವು.

ಎರಡನೆಯ ದಿನಕ್ಕೆ ನಾಲ್ಕು ದಿನ ಮೊದಲೇ ಮುನ್ಸೂಚನೆ ದೊಡ್ಡ ಬಿರುಗಾಳಿ ಎಂದಿತು. ಬಿರುಗಾಳಿ ಕೆನಡಾದ ಕಡೆ ತಿರುಗಿ ಹೋಯಿತು. ನಮ್ಮ ಪಾಲಿಗೆ ಬಂದದ್ದು ಒಳ್ಳೆ ಬಿಸಿಲು. ಅಷ್ಟರಲ್ಲಿ ಇವರು ಆಫೀಸಿನ ಕೆಲಸ ಹಚ್ಚಿಕೊಂಡಿದ್ದರು, ತಂಗಿಯ ಗಂಡ ಬರಹೇಳಿದವರಿಗೆಲ್ಲ ಬೇಡವೆಂದು ಹೇಳಿಯಾಗಿತ್ತು. ಏಳನೇ ತಿಂಗಳು ಮುಗಿಯಿತು. ಎಂಟರಲ್ಲಿ ಮಾಡುವಂತಿಲ್ಲ. ಫೋನಿನಲ್ಲಿ ತಂಗಿ, “ಇರಲಿ ಬಿಡಕ್ಕ, ಗುಡ್ಡ ಅಡ್ಡ ಬಂದ್ರ ನೀ ಏನ ಮಾಡ್ತಿ,” ಎಂದಳು. ಗುಡ್ಡ ಅಡ್ಡ ಬಂದಿರಲಿಲ್ಲ. ಅದನ್ನು ಅವಳಿಗೆ ಬಿಡಿಸಿ ಹೇಳಲು ನನಗೆ ನಾಚಿಕೆಯಾಯಿತು.

ಒಂಬತ್ತರಲ್ಲಿ ಪುರೋಹಿತರು ಕೊಟ್ಟದ್ದು ಒಂದೇ ದಿನ. ಆ ಬೆಳಿಗ್ಗೆಯೂ ಟಿಂಗ್ ಎಂದಿತು. ಇವರು ಫೋನ್ ಹಿಡಿದು ನನ್ನ ಮುಖ ನೋಡಿದರು. ನಾನು ಕಾರಿನ ಕೀಲಿ ಎತ್ತಿಕೊಂಡೆ.

“ನೀವು ಬರ್ರಿ, ಬಿಡ್ರಿ. ನಾ ಹೊಂಟೆ.”

ಬಂದರು, ಪಾಪ. ಬುತ್ತಿಯ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ದಾರಿಯುದ್ದಕ್ಕೂ ಆಳ, ತೂಕ, ಉಷ್ಣಾಂಶ ಓದುತ್ತ ಕುಳಿತರು. ನಿಜವಾಗಿ ಹಿಮ ಬೀಳುತ್ತಿದ್ದದ್ದು ಅವತ್ತೇ. ಮುಂದೆ ಹಿಮ ಗೋರುವ ಲಾರಿ, ಅದರ ಹಿಂದೆ ಸಾಲಾಗಿ ನಾವೆಲ್ಲ, ಆಮೆಯ ನಡಿಗೆಯಲ್ಲಿ. ಘಾಟಿಯ ನೆತ್ತಿಯ ಹತ್ತಿರ ಇವರ ಫೋನಿಗೆ ಸಿಗ್ನಲ್ ಹೋಯಿತು. ಬೇರೆ ದಾರಿಯಿಲ್ಲದೆ ತಲೆಯೆತ್ತಿ ಕಿಟಕಿಯಾಚೆ ನೋಡಿದರು.

“ರೋಡ್ ಚೆನ್ನಾಗೇ ಇದೆಯಲ್ಲ,” ಎಂದರು.

ನಾನು ವೈಪರ್ ಜೋರು ಮಾಡಿದೆ.

ಮುಹೂರ್ತಕ್ಕೆ ಮೊದಲೇ ತಲುಪಿದೆವು. ತಂಗಿ ಹಸಿರು ಸೀರೆ ಉಟ್ಟು, ಮಣೆಯ ಮೇಲೆ ಕುಳಿತು ಕೈ ಚಾಚಿದಳು. ಹತ್ತಿ ಬಿಚ್ಚಿ ಮೊದಲ ಬಳೆ ಹಿಡಿದೆ. ಹೆಬ್ಬೆರಳಿನ ಬುಡದಲ್ಲಿ ಅದು ನಿಂತುಬಿಟ್ಟಿತು. ಸೋಪು ಹಚ್ಚಿದೆ, ಕೊಬ್ಬರಿ ಎಣ್ಣೆ ಹಚ್ಚಿದೆ. ಅವಳ ಕೈ ಕೆಂಪಾಯಿತು, ಬಳೆ ಅಲುಗಲಿಲ್ಲ. ಇನ್ನೂ ಒತ್ತಿದರೆ ಬಸುರಿಯ ಕೈಯಲ್ಲೇ ಗಾಜು ಒಡೆಯುತ್ತದೆ ಎಂದು ನಿಲ್ಲಿಸಿದೆ.

“ಕೈ ಬಾತಾವಕ್ಕ,” ಎಂದಳು ತಂಗಿ. “ಮೊದಲ ಸಲಾನ ಬಂದಿದ್ರ ಆಗ್ತಿದ್ವು ನೋಡ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು. ಪಕ್ಕದಲ್ಲಿ ಕುಂಕುಮದ ತಟ್ಟೆ ಹಿಡಿದು ನಿಂತಿದ್ದ ಇವರು ಮೆಲ್ಲಗೆ, “ಯಾವಾಗಿಂದ ಬಾತಿದೆ?” ಎಂದು ಕೇಳಿದರು. ಜೇಬಿನಲ್ಲಿ ಫೋನು ಟಿಂಗ್ ಎಂದಿತು. ತೆಗೆದು ನೋಡದೆ ಅದನ್ನು ಆರಿಸಿದರು.

ನಾನು ಬಳೆಗಳನ್ನು ಅಕ್ಕಿ, ಬೆಲ್ಲ, ಒಣಕೊಬ್ಬರಿಯ ಜೊತೆಗೆ ತಂಗಿಯ ಸೆರಗಿಗೇ ಹಾಕಿ ಉಡಿ ತುಂಬಿದೆ. ಅವಳು ಗಂಟು ಕಟ್ಟಿಕೊಂಡಳು. ತಂಗಿಯ ಗಂಡ ಫೋಟೋ ತೆಗೆದು ಗದಗಿಗೆ ಕಳಿಸಿದ. ಸ್ವಲ್ಪ ಹೊತ್ತಿಗೆ ಅವ್ವನ ಫೋನು ಬಂತು.

“ಚಂದ ಕಾಣ್ತಾಳ. ಬಳಿ ಯಾಕ ಕಾಣವಲ್ವು?”

“ಅದಾವ ಬೇ,” ಎಂದೆ. “ಉಡಿಯಾಗ ಅದಾವು.”