ಟಿಕೆಟ್ ಇಲ್ಲದ ಸೋದರಮಾವ

ನಾನು ನಿಂತಿದ್ದು ಪಟಾನ್‌ಚೆರು ಬಸ್ ಸ್ಟಾಪಿನಲ್ಲಿ, ಕಬ್ಬಿನ ಹಾಲಿನ ಗಾಡಿಗೂ ರಸ್ತೆಯಂಚಿನ ಬಿಳಿ ಗೆರೆಗೂ ನಡುವೆ. ಹೋದ ಮಾಘದ ಒಂದು ಸೋಮವಾರ, ಬೆಳಗಿನ ಒಂಬತ್ತಕ್ಕೆ ಸ್ವಲ್ಪ ಮುಂಚೆ. ಬಲಗೈಯಲ್ಲಿ ಅರ್ಧ ಸುಲಿದ ಬಾಳೆಹಣ್ಣು ಇತ್ತು. ಎಡಗೈ ಖಾಲಿ ಇತ್ತು, ಅದನ್ನು ಮೇಲಕ್ಕೆತ್ತಿದ್ದೆ. ನನ್ನ ತಂಗಿಯ ಮನೆಯ ಕಾರು ನನ್ನನ್ನು ಬಿಟ್ಟು ಹೋಗುತ್ತಿತ್ತು. ಅದರೊಳಗಿದ್ದ ಯಾರೂ ನನ್ನನ್ನು ಮರೆತಿರಲಿಲ್ಲ. ಇದನ್ನು ಆಮೇಲೆ ಒಬ್ಬೊಬ್ಬರನ್ನೇ ಕೇಳಿ ಖಚಿತ ಮಾಡಿಕೊಂಡಿದ್ದೇನೆ.

ಅಂದು ತಂಗಿಯ ಮಗನ ಜಾವಳ. ನಮ್ಮಲ್ಲಿ ಕೂಸಿನ ಮೊದಲ ಕೂದಲು ತೆಗೆಸುವಾಗ ಅದು ಸೋದರಮಾವನ ತೊಡೆಯ ಮೇಲೆ ಕೂಡಬೇಕು. ತಂಗಿಗೆ ಒಡಹುಟ್ಟಿದವನು ನಾನೊಬ್ಬನೇ. ಆದರೆ ಎರಡು ವರ್ಷ ದಾಟಿದರೂ ಆ ಹುಡುಗ ಒಮ್ಮೆಯೂ ನನ್ನ ಕೈಗೆ ಬಂದಿರಲಿಲ್ಲ. ಹಾಲಿನವನ ಹೆಗಲೇರುತ್ತಿದ್ದ. ಲಿಫ್ಟ್ ರಿಪೇರಿಗೆ ಬಂದವನ ಕುತ್ತಿಗೆ ತಬ್ಬಿಕೊಂಡಿದ್ದ. ನಾನು ಕೈ ಚಾಚಿದರೆ ಮಾತ್ರ ಗೋಡೆಯ ಕಡೆ ತಿರುಗುತ್ತಿದ್ದ. ಹಿಂದಿನ ವಾರ ಅವ್ವ ನಮ್ಮ ದೊಡ್ಡವ್ವನ ಮಗನಿಗೆ ಫೋನು ಮಾಡಿ, “ನೀನೂ ಹೊಸಾ ಧೋತರ ಉಟ್ಕೊಂಡ ಬಾಪ್ಪಾ. ಹೊತ್ತಿಗೆ ಬೇಕಾದೀತು” ಎಂದದ್ದು ನನಗೆ ಕೇಳಿಸಿತ್ತು. ಅವನೂ ವರಸೆಯಲ್ಲಿ ಸೋದರಮಾವನೇ. ಅವನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಆ ತೊಡೆ ನನ್ನದಾಗಬೇಕೆಂದು ನನಗೆ ಬಹಳ ಇತ್ತು.

ಹುಡುಗನಿಗೆ ನನಗಿಂತ ಹೆಚ್ಚು ಆಗದಿದ್ದುದು ಕಾರು. ದಿಲ್‌ಸುಖ್‌ನಗರದ ಮನೆಯ ಮುಂದೆ ಬಾಗಿಲು ಹಾಕಿದ ಸದ್ದಿಗೆ ಶುರುವಾದ ಅಳು, ಮುಟ್ಟಬೇಕಾದಲ್ಲಿ ಬಾಗಿಲು ತೆಗೆದ ಸದ್ದಿಗೆ ನಿಲ್ಲುತ್ತಿತ್ತು. ನಡುವೆ ಬಿಡುವಿರಲಿಲ್ಲ. ಮೊಬೈಲು ತೋರಿಸಿದರು, ಪೇಡೆ ಕೊಟ್ಟರು, ಕಿಟಕಿ ಇಳಿಸಿದರು. ಕಿಟಕಿ ಇಳಿಸಿದ್ದರಿಂದ ಊರಿಗೆಲ್ಲ ಕೇಳಿಸಿತು, ಅಷ್ಟೆ. ಒಂದು ಸಲ ಸಿಕಂದರಾಬಾದಿನ ಸಿಗ್ನಲ್ಲಿನಲ್ಲಿ ಪಕ್ಕದ ಆಟೋದವನು ಆಟೋ ಬಿಟ್ಟು ಇಳಿದು ಬಂದು, ಇದು ಯಾರ ಮಗು ಎಂದು ವಿಚಾರಿಸಿ ಹೋದ.

ಆದರೆ ಬಸ್ಸೆಂದರೆ ಅವನಿಗೆ ಪ್ರಾಣ. ಇದನ್ನು ಉಪಯೋಗಕ್ಕೆ ತಂದವಳು ಅವ್ವ. ಸಿಕಂದರಾಬಾದಿನಿಂದ ಮರಳುವಾಗ ತಂಗಿಯ ಗಂಡ ತಲೆಕೆಟ್ಟು ಒಂದು ಬಸ್ ಸ್ಟಾಪಿನಲ್ಲಿ ಕಾರು ನಿಲ್ಲಿಸಿದಾಗ ಅವ್ವ, “ಕಂಡಕ್ಟರ್ ಸಾಹೇಬ್ರ, ಸ್ಟಾಪ್ ಬಂತ ನೋಡ್ರಿ. ಮಂದಿ ಇಳೀಬೇಕು” ಎಂದಳು. ಅಳು ನಿಂತಿತು. ಹುಡುಗ ಸೀಟಿನ ಮೇಲೆ ಎದ್ದು ನಿಂತು ನಮ್ಮನ್ನೆಲ್ಲ ನೋಡಿದ. ಯಾರಾದರೂ ಇಳಿಯಲೇಬೇಕಾಯಿತು. ಅವ್ವನಿಗೆ ಮೊಣಕಾಲು ನೋವು, ತಂಗಿ ಅವನನ್ನು ಹಿಡಿದಿದ್ದಳು, ಗಂಡ ಸ್ಟೇರಿಂಗ್ ಹಿಡಿದಿದ್ದ. ನಾನು ಇಳಿದೆ. ಮತ್ತೆ ಹತ್ತಿದೆ. ಹುಡುಗ ಗಾಳಿಯಲ್ಲಿ ಒಂದು ಟಿಕೆಟ್ ಹರಿದು ಕೊಟ್ಟು, “ರೈಟ್” ಎಂದ. ಮುಂದಿನ ಸ್ಟಾಪಿನವರೆಗೆ ಕಾರಿನಲ್ಲಿ ಫ್ಯಾನಿನ ಸದ್ದು ಕೇಳಿಸಿತು.

ಹೀಗಾಗಿ ಜಾವಳದ ದಿನ ದಿಲ್‌ಸುಖ್‌ನಗರದಿಂದ ಪಟಾನ್‌ಚೆರುವಿನವರೆಗೆ ಸಿಕ್ಕ ಸ್ಟಾಪಿನಲ್ಲೆಲ್ಲ ನಾನು ಇಳಿದು ಹತ್ತುತ್ತ ಬಂದೆ. ಮೆಹದಿಪಟ್ಣದಲ್ಲಿ ಹುಡುಗ ಹೊಸ ತಕರಾರು ತೆಗೆದ. “ನೀ ಇಳದಿ,” ಎಂದು ಬಾಗಿಲಿಗೆ ಕೈ ಅಡ್ಡ ಹಿಡಿದ.

“ಖರೇ ಐತಿ,” ಎಂದಳು ತಂಗಿ. “ಅಣ್ಣಾ, ಒಂದೀಟು ಬ್ಯಾರೇದವರಂಗ ಆಗು.”

ಕರವಸ್ತ್ರವನ್ನು ತಲೆಗೆ ಕಟ್ಟಿಕೊಂಡು ಹತ್ತಿದೆ. ಮುಂದಿನ ಸ್ಟಾಪಿನಲ್ಲಿ ಅವ್ವನ ಕನ್ನಡಕ ಹಾಕಿಕೊಂಡೆ. ಅದರ ಮುಂದಿನದರಲ್ಲಿ ಕುಂಟಿದೆ. ಕುಂಟುವವನಿಗೆ ಹುಡುಗ ಬೇಗ ಟಿಕೆಟ್ ಕೊಟ್ಟ.

ಮುಹೂರ್ತ ಹನ್ನೊಂದಕ್ಕಿತ್ತು. ಮನೆದೇವರ ಗುಡಿ ಸದಾಶಿವಪೇಟ ದಾಟಿ, ಜಹೀರಾಬಾದಿಗೆ ಮುಂಚೆ, ಹೆದ್ದಾರಿಯ ಮಗ್ಗುಲಲ್ಲೇ ಇದೆ. ಪಟಾನ್‌ಚೆರುವಿನಲ್ಲಿ ನಾನು ಇಳಿಯುವಾಗ ತಂಗಿ ಬಾಳೆಹಣ್ಣು ಕೊಟ್ಟು, “ಹತ್ತೂ ಮುಂದ ಇದನ್ನ ಕೊಡು, ನಿನ್ನ ಕೈಲೆ ತಿಂದರೂ ತಿಂದಾನು” ಎಂದಳು. ಅವಳಿಗೂ ಆ ತೊಡೆಯ ಚಿಂತೆ ಇತ್ತು. ನಾನು ಹಣ್ಣು ಸುಲಿಯುತ್ತಿದ್ದೆ. ಅವ್ವ ಕಿಟಕಿಯಿಂದ ಕಂಡಕ್ಟರನ ಪರವಾಗಿ, “ಸಂಗಾರೆಡ್ಡಿ, ಸದಾಶಿವಪೇಟ, ಜಹೀರಾಬಾದ್” ಎಂದು ಕೂಗಿದಳು. ಆ ಸ್ಟಾಪಿನಲ್ಲಿ ಸೀಟಿಗಿಷ್ಟು ಎಂದು ದುಡ್ಡು ತೆಗೆದುಕೊಂಡು ಜನ ಹತ್ತಿಸಿಕೊಳ್ಳುವ ಕಾರುಗಳು ದಿನವೂ ನಿಲ್ಲುತ್ತವೆ. ನನ್ನ ಪಕ್ಕದಿಂದ ಒಬ್ಬ ಮುದುಕಿ, ತಲೆಯ ಮೇಲೊಂದು ಗಂಟು, ಕೈಯಲ್ಲೊಂದು ಖಾಲಿ ಡಬ್ಬಿ, ಕಾರಿನ ಬಾಗಿಲಿಗೆ ಬಂದಳು.

“ಸದಾಶಿವಪ್ಯಾಟಿಗೆ ಹೋಗತೈತೇನ್ರಿ?”

“ಹೂಂ,” ಎಂದ ಹುಡುಗ.

ಅವಳು ನನ್ನ ಜಾಗದಲ್ಲಿ ಕೂತು ಗಂಟನ್ನು ತೊಡೆಯ ಮೇಲಿಟ್ಟುಕೊಂಡಳು. ಹುಡುಗ ಕೈ ಚಾಚಿ, “ಟಿಕೆಟ್” ಎಂದ. ಅವಳು ಕುಪ್ಪಸದಿಂದ ಪ್ಲಾಸ್ಟಿಕ್ ಚೀಲ ತೆಗೆದು, ಅದರೊಳಗಿನಿಂದ ಆಧಾರ್ ಕಾರ್ಡು ತೆಗೆದು ಅವನ ಕೈಗಿಟ್ಟಳು.

“ಹೆಂಗಸರಿಗಿ ಫ್ರೀ ಐತೆಲ್ಲೋ ಯಪ್ಪಾ. ನೋಡಿ ಕೊಡು.”

ಅಷ್ಟು ದಿನ ಗಾಳಿ ಹರಿದವನ ಕೈಗೆ ಮೊದಲ ಬಾರಿ ನಿಜವಾದ ಕಾಗದ ಬಂದಿತ್ತು. ಅವನು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಅವಳ ಮುಖ ನೋಡಿದ. ಮರಳಿ ಕೊಟ್ಟ. ನಾನು ಬಾಗಿಲಿಗೆ ಕೈ ಹಾಕಿದೆ. ಅವನು ನನ್ನನ್ನು, ಬಾಳೆಹಣ್ಣನ್ನು ನೋಡಿ, “ಜಾಗಾ ಇಲ್ಲ” ಎಂದ. ಮುದುಕಿ ನಿಯತ್ತಿನಿಂದ ಬಾಗಿಲು ಹಾಕಿಕೊಂಡಳು. “ರೈಟ್” ಎಂಬುದು ನನಗೆ ಸ್ಪಷ್ಟವಾಗಿ ಕೇಳಿಸಿತು. ಕಾರು ಹೊರಟಿತು.

ನಾನು ಓಡಿದೆ. ಒಳಗೆ ಆದದ್ದನ್ನು ತಂಗಿಯ ಮಾತಿನಂತೆ ಬರೆಯುತ್ತೇನೆ.

“ಹಿಂದ ಯಾವನೋ ಬಾಳಿಹಣ್ಣ ಹಿಡ್ಕೊಂಡ ಓಡಿ ಬರಾಕತ್ತಾನ್ರಿ,” ಎಂದಳಂತೆ ಮುದುಕಿ.

“ಅಂವಾ ನಮ್ಮಣ್ಣ,” ಎಂದಳಂತೆ ತಂಗಿ.

“ನಿಲ್ಲಸಲೇನು?” ಎಂದನಂತೆ ಅವಳ ಗಂಡ, ಕನ್ನಡಿ ನೋಡುತ್ತ.

“ಕೂಸು ನಗಾಕತ್ತೈತ್ರಿ ಅಳಿಯಂದ್ರ,” ಎಂದಳಂತೆ ಅವ್ವ. “ಸುಮ್ನ ಹೊಡೀರಿ. ಅವಾ ದೊಡ್ಡಾಂವ ಅದಾನ, ಬರತಾನ.”

ನನ್ನ ಮೊಬೈಲು ಕೂಸಿನ ಚೀಲದಲ್ಲಿತ್ತು. ಪಾಕೀಟು ಮಾತ್ರ ಜೇಬಿನಲ್ಲಿತ್ತು. ಜಹೀರಾಬಾದ್ ಬಸ್ಸು ಬರುವವರೆಗೆ ನಿಂತು, ಬಂದಾಗ ಹತ್ತಿದೆ. ಒಳಗೆಲ್ಲ ಹೆಂಗಸರೇ. ದುಡ್ಡು ಕೊಟ್ಟು ಟಿಕೆಟ್ ಪಡೆದವರು ನಾವು ಕೆಲವೇ ಗಂಡಸರು. ಕಂಡಕ್ಟರ್ ಮಷೀನಿನಿಂದ ಟಿಕೆಟ್ ಹರಿದು ಕೊಟ್ಟು, ಆ ಹಣ್ಣನ್ನು ಒಂದೋ ತಿನ್ನಿ ಇಲ್ಲವೇ ಎಸೆಯಿರಿ ಎಂದು ತೆಲುಗಿನಲ್ಲಿ ಹೇಳಿದ. ತಿಂದೆ. ದಾರಿಯುದ್ದಕ್ಕೂ ನನ್ನ ಕಣ್ಣ ಮುಂದೆ ಇದ್ದದ್ದು ಒಂದು ಹೊಸ ಧೋತರ.

ಗುಡಿಯ ಕಮಾನಿನ ಎದುರು ಬಸ್ಸು ನಿಂತಾಗ ಹುಡುಗ ತಂಗಿಯ ಬಗಲಲ್ಲಿ ರಸ್ತೆಯ ತುದಿಗೇ ಬಂದಿದ್ದ. ನನ್ನನ್ನು ನೋಡಲು ಅಲ್ಲ, ಬಸ್ಸನ್ನು ನೋಡಲು. ಹಿಂದೆ ದೊಡ್ಡವ್ವನ ಮಗ ಮಣೆಯ ಮೇಲೆ ಕೂತಿದ್ದ. ಅವನ ಹೊಸ ಧೋತರದ ಮೇಲೆ ಎರಡು ಸಣ್ಣ ಕೆಸರು ಹೆಜ್ಜೆಗಳಿದ್ದವು. ಹುಡುಗ ಒದ್ದು ಎದ್ದು ಬಂದಿದ್ದನಂತೆ. ಕ್ಷೌರದವನು ಕತ್ತಿ ಹಿಡಿದು ಗಡಿಯಾರ ನೋಡುತ್ತಿದ್ದ.

ಬಸ್ಸಿನ ಬಾಗಿಲು ತೆರೆಯಿತು. ನಾನು ಇಳಿದೆ.

ಹುಡುಗನ ಬಾಯಿ ತೆರೆದಿತ್ತು. ಬಹಳ ಹೊತ್ತು ನನ್ನನ್ನೂ ಬಸ್ಸನ್ನೂ ನೋಡಿದ. ಆಮೇಲೆ ಕೈ ಚಾಚಿದ.

“ಟಿಕೆಟ್.”

ಜೇಬಿನಿಂದ ತೆಗೆದು ಕೊಟ್ಟೆ. ಮಷೀನಿನದು, ಉದ್ದನೆಯದು, ಅಕ್ಷರ ಮೂಡಿದ್ದು. ಅವನು ಅದನ್ನು ಮೂಸಿ ನೋಡಿದ. ಆಮೇಲೆ ತಾನಾಗಿಯೇ ನನ್ನ ಕಡೆ ಬಾಗಿದ.

ದೊಡ್ಡವ್ವನ ಮಗ ಮಣೆ ಬಿಟ್ಟು ಎದ್ದು, “ಮೊದಲ ಹೇಳಿದ್ರ ನಾನೂ ಬಸ್ಸಿಗೇ ಬರತಿದ್ನೆಲ್ಲಪಾ” ಎಂದ. ನಾನು ಕೂತೆ. ಹುಡುಗ ನನ್ನ ತೊಡೆಯ ಮೇಲೆ ಟಿಕೆಟ್ ಹಿಡಿದು ಕೂತ. ಅವನ ಹಿಮ್ಮಡಿ ನನ್ನ ಮೊಣಕಾಲಿಗೆ ತಾಗುತ್ತಿತ್ತು. ನಾನು ಅಲುಗಾಡಲಿಲ್ಲ. ಕ್ಷೌರದವನು ಕತ್ತಿ ಎತ್ತಿದಾಗಲೆಲ್ಲ ಅವನು “ಸ್ಟಾಪ್” ಎನ್ನುತ್ತಿದ್ದ. ಎರಡು ಸಲ ತಡೆದ ಮೇಲೆ ಕ್ಷೌರದವನಿಗೂ ತಿಳಿಯಿತು. ಕತ್ತಿ ಎತ್ತಿ ಹಿಡಿದು, “ರೈಟ್” ಬರುವವರೆಗೆ ಕಾಯತೊಡಗಿದ. ತಲೆ ನುಣ್ಣಗಾಗುವವರೆಗೆ ಅಳು ಬರಲಿಲ್ಲ.

ಪಟಾನ್‌ಚೆರುವಿನಲ್ಲಿ ಆದದ್ದನ್ನು ಕಂಡವರೆಲ್ಲ ಇನ್ನೂ ಇದ್ದಾರೆ. ಅವ್ವ ಇದ್ದಾಳೆ, ಅದನ್ನು ತನ್ನ ಉಪಾಯವೆಂದೇ ಹೇಳಿಕೊಂಡು ತಿರುಗುತ್ತಾಳೆ. ತಂಗಿ ಇದ್ದಾಳೆ. ಅವಳ ಗಂಡ ಇದ್ದಾನೆ, ಕನ್ನಡಿಗೆ ಧೂಳು ಹತ್ತಿತ್ತು ಎಂದು ಈಗ ಅನ್ನುತ್ತಾನೆ. ಸದಾಶಿವಪೇಟದಲ್ಲಿ ಇಳಿದು ಕಂಡಕ್ಟರನಿಗೆ ಕೈಮುಗಿದ ಆ ಮುದುಕಿಯನ್ನು ಮೊನ್ನೆ ಪಟಾನ್‌ಚೆರುವಿನ ಅದೇ ಸ್ಟಾಪಿನಲ್ಲಿ ಬಸ್ಸಿನ ಕಿಟಕಿಯಿಂದ ಕಂಡೆ. ತಲೆಯ ಮೇಲೆ ಅದೇ ಗಂಟು ಇತ್ತು. ಹುಡುಗನೂ ಇದ್ದಾನೆ, ಕೂದಲು ಬಂದಿದೆ. ಅಂದು ನನ್ನನ್ನು ಯಾಕೆ ಬಿಟ್ಟು ಹೋದೆ ಎಂದು ಅವನನ್ನು ಕೇಳಿದರೆ ಒಂದೇ ಮಾತು: “ಮಾಮಾ ಟಿಕೆಟ್ ತೊಗೊಂಡಿದ್ದಿಲ್ಲ.”