ಇಲಿಗಳಿಗೆ ಬೇರೆ ಕೋಣೆ ಸಿಕ್ಕಿತು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ನೆಲಮಾಳಿಗೆಯ ಕೊನೆಯ ಕೋಣೆಯಲ್ಲಿ ಮೇಣದಕ್ಕ ಆಗಲೇ ಕೆಲಸಕ್ಕೆ ಕೂತಿದ್ದಾರೆ. ಪರೀಕ್ಷೆಗೆಂದು ಬಂದು, ರಾತ್ರಿಯಿಡೀ ಯಂತ್ರದೊಳಗೆ ಮೇಣ ಕುಡಿದ ಮಾಂಸದ ಚೂರುಗಳನ್ನು ಚಿಮಟದಲ್ಲಿ ಒಂದೊಂದಾಗಿ ಎತ್ತಿ ಅಚ್ಚಿಗೆ ಹಾಕುತ್ತಾರೆ, ಮೇಲೆ ಬಿಸಿ ಮೇಣ ಸುರಿದು ಆರಲು ಬಿಡುತ್ತಾರೆ. ಗಟ್ಟಿಯಾದ ಬಿಲ್ಲೆಯನ್ನು ಕೊಯ್ಯುವ ಯಂತ್ರಕ್ಕೆ ಸಿಕ್ಕಿಸಿ ಹಿಡಿ ತಿರುಗಿಸಿದರೆ ಈರುಳ್ಳಿಯ ಒಳಪೊರೆಗಿಂತ ತೆಳ್ಳಗಿನ ಪಟ್ಟಿ ಬರುತ್ತದೆ. ಅದನ್ನು ಬೆಚ್ಚನೆಯ ನೀರಿನ ಮೇಲೆ ತೇಲಿಬಿಟ್ಟು, ಗಾಜಿನ ಸ್ಲೈಡಿನ ಮೇಲೆ ಮೆಲ್ಲಗೆ ಎತ್ತಿಕೊಳ್ಳಬೇಕು. ಪಟ್ಟಿ ಎತ್ತುವಾಗ ಅವರು ಉಸಿರು ಬಿಗಿಹಿಡಿಯುತ್ತಾರೆ. ಒಂದು ಸಲ ಕೆಮ್ಮಿದರೂ ಅದು ಮಡಚಿಕೊಂಡುಬಿಡುತ್ತದೆ, ಮತ್ತು ಈಚೆಗೆ ಕೆಮ್ಮು ಹೇಳದೆ ಕೇಳದೆ ಬರುತ್ತಿದೆ.

ಇವರ ಬಗ್ಗೆ ಬರೆಯಲೆಂದು ಬಂದ ನಾನು ಒಳಗೆ ಕಾಲಿಟ್ಟು ಸ್ವಲ್ಪ ಹೊತ್ತಿಗೇ ಕಣ್ಣಲ್ಲಿ ನೀರು. ಮಾಂಸ ಕೊಳೆಯದಂತೆ ಕಾಪಾಡುವ ಫಾರ್ಮಲಿನ್ನಿನ ಘಾಟು ಅದು. ಗೋಡೆಯಲ್ಲಿ ಗಾಳಿ ಹೊರಗೆಳೆಯುವ ಫ್ಯಾನ್ ಇದೆ. ಇದೆ ಅಷ್ಟೇ, ತಿರುಗುವುದಿಲ್ಲ. ಬಾಗಿಲ ಹತ್ತಿರ ನಿಂತುಕೊಳ್ಳಿ, ಅಭ್ಯಾಸ ಆಗುತ್ತೆ ಎಂದು ಮೇಣದಕ್ಕ ನನಗೆ ಸಮಾಧಾನ ಹೇಳುತ್ತಾರೆ. ಅವರಿಗೆ ಅಭ್ಯಾಸವಾಗಿ ಎಷ್ಟೋ ವರ್ಷವಾಯಿತು. ಈಗ ಅವರ ಮೂಗಿಗೆ ಯಾವ ವಾಸನೆಯೂ ತಿಳಿಯುವುದಿಲ್ಲ.

ಈ ಕೋಣೆಗೆ ಎರಡು ಕಡೆಯಿಂದ ಕೆಲಸ ಬರುತ್ತದೆ. ಮೇಲಿನ ವಾರ್ಡುಗಳಿಂದ ರೋಗಿಗಳ ಚೂರುಗಳು. ಅದರಲ್ಲೂ ಊರ ಡಾಕ್ಟರುಗಳಿಗೆಲ್ಲ ಬಗೆಹರಿಯದೆ ಕೊನೆಗೆ ಇಲ್ಲಿಗೆ ಬಂದ ಅಪರೂಪದ ಕಾಯಿಲೆಗಳವು. ಅಕ್ಕಿಕಾಳಿನಷ್ಟು ಇರುತ್ತವೆ, ಕೊಯ್ಯುವಾಗ ಕೆಟ್ಟರೆ ಇನ್ನೊಂದು ಸಿಗುವುದಿಲ್ಲ. ಇನ್ನೊಂದು ಕಡೆ ಪ್ರಾಣಿ ವಿಭಾಗ. ಅಲ್ಲಿ ಇಲಿಗಳ ಶ್ವಾಸಕೋಶಕ್ಕೆ ಬೇಕೆಂದೇ ಉರಿಯೂತ ಬರಿಸಿ, ಔಷಧ ಕೊಟ್ಟು, ಆಮೇಲೆ ಶ್ವಾಸಕೋಶವನ್ನು ಇಲ್ಲಿಗೆ ಕಳಿಸುತ್ತಾರೆ. ಮೇಣದಕ್ಕ ಕೊಯ್ದು ಬಣ್ಣ ಹಾಕಿಕೊಟ್ಟರೆ ದೊಡ್ಡ ಡಾಕ್ಟರು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ.

ಬಾಟಲಿ ತೊಳೆಯಲು ಗುತ್ತಿಗೆಯ ಮೇಲೆ ಬಂದವರು ಮೇಣದಕ್ಕ. ಕೆಲಸ ಕಲಿಸಿದ ಹಿರಿಯರೊಬ್ಬರು ಕೆಮ್ಮುತ್ತಲೇ ನಿವೃತ್ತರಾದ ಮೇಲೆ ಅದೇ ಸ್ಟೂಲಿನ ಮೇಲೆ ಕೂತರು. ಕೆಲಸ ಬದಲಾಯಿತು, ಗುತ್ತಿಗೆ ಬದಲಾಗಲಿಲ್ಲ. ಬೆರಳ ಸಂದಿಯಲ್ಲಿ ಸದಾ ಮೇಣ ಅಂಟಿರುವುದಕ್ಕೆ ಯಾರೋ ತಮಾಷೆಗೆ ಇಟ್ಟ ಹೆಸರೇ ಗಟ್ಟಿಯಾಗಿ, ಈಗ ಗಂಡನೂ ಹಾಗೇ ಕರೆಯುತ್ತಾರೆ.

ಗಂಡ ಮನೆಯಲ್ಲೇ ಶಾಲೆಯ ಸಮವಸ್ತ್ರ ಹೊಲಿಯುತ್ತಾರೆ. ಅತ್ತೆಗೆ ಕಣ್ಣು ಕಾಣುವುದಿಲ್ಲ, ಆದರೆ ಸೊಸೆ ಮೆಟ್ಟಿಲು ಹತ್ತುವಾಗಲೇ ಘಾಟು ಹಿಡಿದು ಬಾಗಿಲು ತೆಗೆಯುತ್ತಾರೆ. ಹೋದ ವರ್ಷ ಒಂದು ದಿನ ಒಲೆ ಆರಿ, ಅಡುಗೆಮನೆ ತುಂಬ ಗ್ಯಾಸ್ ತುಂಬಿಕೊಂಡಿತ್ತು. ಮೇಣದಕ್ಕ ಅದೇ ಒಲೆಯ ಪಕ್ಕ ನಿಂತು ತರಕಾರಿ ಹೆಚ್ಚುತ್ತಿದ್ದರು. ಅತ್ತೆ ಗೋಡೆ ಹಿಡಿದುಕೊಂಡು ಓಡಿಬಂದು ಕಿಟಕಿ ತೆಗೆದರಂತೆ. "ಆವತ್ತು ಮಾತ್ರ ನಂಗೆ ನಿಜವಾಗ್ಲೂ ಭಯ ಆಯ್ತು" ಎನ್ನುತ್ತಾರೆ ಮೇಣದಕ್ಕ.

ಅದಾದ ಕೆಲವೇ ದಿನಕ್ಕೆ ನಡೆದದ್ದನ್ನು ನಾನು ಬರೆಯಲೇಬೇಕು. ಪ್ರಾಣಿ ವಿಭಾಗದ ಚಾವಣಿ ಸೋರುತ್ತಿತ್ತು. ರಿಪೇರಿ ಮುಗಿಯುವವರೆಗೆ ಇಲಿಗಳ ಪಂಜರಗಳನ್ನು ತಂದು ಈ ಕೋಣೆಯ ಮೂಲೆಯಲ್ಲಿ ಜೋಡಿಸಿದರು. ಅದರಲ್ಲಿ ಒಂದು ಗುಂಪಿಗೆ ಏನನ್ನೂ ಕೊಟ್ಟಿರುವುದಿಲ್ಲ; ಕಾಯಿಲೆಯೂ ಇಲ್ಲ, ಔಷಧವೂ ಇಲ್ಲ. ಆರೋಗ್ಯವಾಗಿರುವ ಶ್ವಾಸಕೋಶ ಹೇಗಿರುತ್ತದೆ ಎಂದು ಹೋಲಿಸಿ ನೋಡಲು ಸುಮ್ಮನೆ ಸಾಕುವ ಇಲಿಗಳು ಅವು. ಕೆಲವು ವಾರ ಕಳೆದ ಮೇಲೆ ಅವುಗಳ ಶ್ವಾಸಕೋಶ ಕೊಯ್ದು ನೋಡಿದರೆ, ಗಾಳಿ ಇರಬೇಕಾದ ಜಾಗದಲ್ಲೆಲ್ಲ ಉರಿಯೂತದ ಕಣಗಳು. ಏನೂ ಕೊಡದ ಇಲಿಗೂ ಕಾಯಿಲೆ!

ಮೊದಲು ಗೂಬೆ ಕೂತದ್ದು ಮೇಣದಕ್ಕನ ತಲೆಯ ಮೇಲೆ. ಕೊಯ್ದದ್ದು ಸರಿಯಿಲ್ಲ, ಸ್ಲೈಡು ಅದಲುಬದಲಾಗಿದೆ, ಕಣ್ಣು ಎಲ್ಲಿಟ್ಟುಕೊಂಡು ಕೆಲಸ ಮಾಡ್ತೀರಿ ಎಂದು ದೊಡ್ಡ ಡಾಕ್ಟರು ಎಲ್ಲರ ಎದುರೇ ಬೈದರು. ಮೇಣದಕ್ಕ ಮತ್ತೆ ಕೊಯ್ದುಕೊಟ್ಟರು. ಮತ್ತೆ ಅದೇ ಚಿತ್ರ. ಕೊನೆಗೆ ದೊಡ್ಡ ಡಾಕ್ಟರೇ ಗುಟ್ಟು ಪತ್ತೆ ಮಾಡಿದರು. ಬುದ್ಧಿವಂತರು, ಅದರಲ್ಲಿ ಎರಡು ಮಾತಿಲ್ಲ. ಕೋಣೆಯ ಗಾಳಿ ಅಳೆಸಿದರು; ಫಾರ್ಮಲಿನ್ನಿನ ಆವಿ ಮಿತಿ ಮೀರಿತ್ತು. ಈ ಗಾಳಿಯಲ್ಲಿ ಇಲಿಗಳನ್ನು ಇಟ್ಟದ್ದೇ ತಪ್ಪು ಎಂದು ಕೆಂಡಾಮಂಡಲವಾದರು. ಪ್ರಾಣಿಗಳ ಯೋಗಕ್ಷೇಮ ನೋಡುವ ಸಮಿತಿ ಓಡಿಬಂತು. ಸಂಜೆಯೊಳಗೆ ಇಲಿಗಳೆಲ್ಲ ಮಹಡಿಯ ಮೇಲಿನ, ಶುದ್ಧ ಗಾಳಿ ಹಾಯುವ ಹೊಸ ಕೋಣೆಗೆ ಎತ್ತಂಗಡಿಯಾದವು.

ಪಂಜರ ಹೊರುವುದಕ್ಕೆ ಮೇಣದಕ್ಕನೂ ಕೈಹಾಕಿದರು. ಎಲ್ಲ ಸಾಗಿಸಿ ಮುಗಿಸಿ, ಕೆಳಗಿಳಿದು ಬಂದು, ತಮ್ಮ ಸ್ಟೂಲಿನ ಮೇಲೆ ಕೂತರು. ಅಷ್ಟು ಜನ ಓದಿದವರಲ್ಲಿ ಒಬ್ಬರಿಗೂ ಆ ಸ್ಟೂಲಿನ ಕಡೆ ನೋಡಬೇಕು ಅನ್ನಿಸಲಿಲ್ಲವಲ್ಲ! ನನಗೆ ಇದನ್ನು ಬರೆಯುವಾಗಲೂ ಮೈ ಉರಿಯುತ್ತದೆ. ಮೇಣದಕ್ಕ ಫ್ಯಾನಿನ ಮಾತೆತ್ತಿದಾಗ ಕಚೇರಿಯ ಮ್ಯಾನೇಜರು, ಇಲಿಗಾದರೆ ಸಮಿತಿ ಇದೆ, ಗುತ್ತಿಗೆಯವರಿಗೆ ಗುತ್ತಿಗೆದಾರ ಇದ್ದಾನೆ, ಅವನನ್ನು ಕೇಳಿ ಎಂದರಂತೆ. ಗುತ್ತಿಗೆದಾರ, ಕಷ್ಟ ಆದರೆ ಬಿಟ್ಟುಬಿಡಿ, ಬರುವವರು ಬೇಕಾದಷ್ಟು ಜನ ಇದ್ದಾರೆ ಎಂದನಂತೆ.

ಬಿಡುವ ಹಾಗಿಲ್ಲ, ಮುಂದುವರಿಯುವ ಹಾಗೂ ಇಲ್ಲ. ಈಗ ಮೆಟ್ಟಿಲು ಹತ್ತುವಾಗ ಎರಡು ಕಡೆ ನಿಲ್ಲುತ್ತಾರೆ. ಎದೆರೋಗದ ಡಾಕ್ಟರು ಸ್ಕ್ಯಾನ್ ನೋಡಿ, ಇದು ಅಪರೂಪದ ಕಾಯಿಲೆ ಇದ್ದ ಹಾಗಿದೆ, ಶ್ವಾಸಕೋಶದಿಂದ ಒಂದು ಚೂರು ತೆಗೆದು ನೋಡದೆ ಹೇಳಲಾಗದು ಎಂದಿದ್ದಾರೆ. ಅಪರೂಪವಂತೆ! ಆ ಸ್ಟೂಲಿನ ಮೇಲೆ ಕೂತವರಿಬ್ಬರಿಗೂ ಬಂದ ಕೆಮ್ಮು ಅದು ಹೇಗೆ ಅಪರೂಪವಾಯಿತೋ. ಚೂರು ಕೊಡಲು ಮೇಣದಕ್ಕ ತಿಂಗಳುಗಟ್ಟಲೆ ಒಪ್ಪಲಿಲ್ಲ. ಕಾಯಿಲೆಗೆ ಈ ಕೋಣೆಯ ಗಾಳಿಯೇ ಕಾರಣ ಎಂದು ಬಂದರೆ ಫ್ಯಾನ್ ರಿಪೇರಿ ಆಗುವುದಿಲ್ಲ, ಇವರು ಕೆಲಸಕ್ಕೆ ಲಾಯಕ್ಕಿಲ್ಲ ಎಂದು ಮನೆಗೆ ಕಳಿಸುತ್ತಾರೆ. ಅದು ಅವರಿಗೂ ಗೊತ್ತು, ಗಂಡನಿಗೂ ಗೊತ್ತು. ಕೊನೆಗೆ ಅತ್ತೆ ಊಟ ಬಿಟ್ಟು ಹಟ ಹಿಡಿದ ಮೇಲೆ ಹೂಂ ಅಂದಿದ್ದಾರೆ. ಬರುವ ವಾರ ತೆಗೆಯುತ್ತಾರೆ.

ನಿಮ್ಮ ಚೂರನ್ನು ಯಾರು ಕೊಯ್ಯುತ್ತಾರೆ ಎಂದು ಕೇಳಿದೆ. ಕೇಳಿದ ಮೇಲೆ ಯಾಕಾದರೂ ಕೇಳಿದೆನೋ ಅನ್ನಿಸಿತು. ಈ ಕಟ್ಟಡದಲ್ಲಿ ಕೊಯ್ಯುವವರು ಇವರೊಬ್ಬರೇ.

ಮೇಣದಕ್ಕ ಹಿಡಿ ತಿರುಗಿಸುವುದನ್ನು ನಿಲ್ಲಿಸಿ, ಕೈ ಒರೆಸಿಕೊಂಡರು.

"ನಾನೇ ಕೊಯ್ಯೋದು, ಇನ್ಯಾರು? ನಂದೇ ಅಂತ ಕೈ ನಡುಗಬಾರದು ಅಷ್ಟೇ. ನಂಗೆ ಇರೋದು ಒಂದೇ ಆಸೆ. ದೊಡ್ಡ ಡಾಕ್ಟ್ರು ಆವತ್ತಿನ ಇಲಿ ಸ್ಲೈಡ್ ತೆಗೆದು, ನನ್ನ ಸ್ಲೈಡಿನ ಪಕ್ಕ ಇಟ್ಟು ಒಂದ್ಸಲ ನೋಡ್ಲಿ. ಕೊಯ್ದಿದ್ದು ಸರಿಯಿಲ್ಲ ಅಂತ ಈ ಸಲ ಯಾರೂ ಹೇಳೋಕಾಗಲ್ಲ, ಹಾಗೆ ಕೊಯ್ದು ಕೊಡ್ತೀನಿ."