ಚಕ್ಕಡಿ ಬಾಡಿಗೆಯ ಉಳಿತಾಯ

ನೌಕರಿಯ ಮೊದಲ ಕೆಲವು ವರ್ಷ ನಾನು ಲಕ್ಷ್ಮೇಶ್ವರದ ಸರಕಾರಿ ದವಾಖಾನೆಯಲ್ಲಿ ಕಾರಕೂನನಾಗಿದ್ದೆ. ಸಂಸ್ಥಾನ ಹೋಗಿ ನಾವು ಮುಂಬಯಿ ಸರಕಾರಕ್ಕೆ ಸೇರಿದ್ದೆವು. ಕರ್ನಾಟಕ ಒಂದಾಗುವುದು ಇನ್ನೂ ಬಾಕಿ ಇತ್ತು. ಕಾಗದಗಳೆಲ್ಲ ಹೊಸವು, ನನ್ನ ತಲೆ ಮಾತ್ರ ಹಳೆಯದು. ಆ ತಲೆಯಿಂದ ಮಾಡಿದ ಒಂದು ಶಾಣ್ಯಾತನ ಒಬ್ಬ ಹೆಣ್ಣುಮಗಳ ಅನ್ನಕ್ಕೇ ಕಲ್ಲು ಹಾಕಲು ಹೊರಟಿತ್ತು. ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಆಕೆ ನಮ್ಮ ದವಾಖಾನೆಯ ನರ್ಸಬಾಯಿ. ಮುಂಡರಗಿ ಕಡೆಯವರು, ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು. ಹಳ್ಳಿಗಳಿಗೆ ಹೋಗಿ ಹೆರಿಗೆ ಮಾಡಿಸುವುದು ಅವರ ಕೆಲಸ. ಜಾಗ ಹಂಗಾಮಿ, ವರ್ಷವರ್ಷವೂ ಮಂಜೂರಾತಿ ಬರಬೇಕು. ಹೋಗಿಬರಲೆಂದು ಬಜೆಟ್ಟಿನಲ್ಲಿ ಚಕ್ಕಡಿ ಬಾಡಿಗೆ ಅಂತ ಬೇರೆ ದುಡ್ಡು ಇಟ್ಟಿದ್ದರು. ಆದರೆ ಆ ದುಡ್ಡು ಖರ್ಚೇ ಆಗುತ್ತಿರಲಿಲ್ಲ. ಶಿಗ್ಲಿಯವರಿರಲಿ, ಬಾಳೆಹೊಸೂರಿನವರಿರಲಿ, ತಾವೇ ಚಕ್ಕಡಿ ಹೂಡಿಕೊಂಡು ಬಂದು ಕರೆದೊಯ್ಯುತ್ತಿದ್ದರು, ತಾವೇ ತಂದು ಬಿಡುತ್ತಿದ್ದರು. ಒಮ್ಮೆ ಯಳವತ್ತಿಯ ಮುದುಕನೊಬ್ಬನಿಗೆ ನಾನು ಬಾಡಿಗೆ ಕೊಡಲು ಹೋದೆ. ಅವನು ಎರಡು ಹೆಜ್ಜೆ ಹಿಂದೆ ಸರಿದ.

“ಬಿಡ್ತು ಅನ್ರಿ ಕಾರಕೂನರ! ಹೆರಿಗಿ ಮಾಡಸಾಕ ಬಂದಾಕಿ ಕುಂತ ಗಾಡಿಗೆ ಬಾಡಿಗಿ ಇಸ್ಕೊಂಡ್ರ ಕೂಸು ಏಳಿಗಿ ಆಗೂದಿಲ್ಲ.”

ನನಗೂ ಅದು ಸರಿ ಎನಿಸಿತು. ನಮ್ಮ ಮನೆಯಲ್ಲಿ ಹಗೇವು ಇತ್ತು, ನೆಲದೊಳಗೆ ತೋಡಿ ಜೋಳ ತುಂಬಿಡುವ ಗುಂಡಿ. ಸುಗ್ಗಿ ಚೆನ್ನಾಗಿ ಬಂದ ವರ್ಷ ತುಂಬಿ ಮುಚ್ಚುವುದು, ಕೆಟ್ಟ ವರ್ಷ ತೆಗೆಯುವುದು. ಸರಕಾರಕ್ಕೂ ಮುಂಬಯಿಯಲ್ಲಿ ಅಂಥದೊಂದು ಇದ್ದೀತು, ನಾವು ಕೊಟ್ಟದ್ದು ನಮಗೆ ಬೇಕಾದಾಗ ಬಂದೀತು ಎಂದುಕೊಂಡೆ. ಮಾರ್ಚ್ ತಿಂಗಳಲ್ಲಿ ಆ ಬಾಡಿಗೆ ದುಡ್ಡನ್ನು ಪೂರ್ತಿ ‘ಉಳಿತಾಯ’ ಎಂದು ಬರೆದು ಧಾರವಾಡದ ಜಿಲ್ಲಾ ಕಚೇರಿಗೆ ಒಪ್ಪಿಸಿದೆ. ಮರುವರ್ಷವೂ ಹಾಗೇ ಮಾಡಿದೆ. ಬೇರೆ ದವಾಖಾನೆಯ ಕಾರಕೂನರು ಕುರ್ಚಿ, ಕಂದೀಲು ಕೊಂಡು ದುಡ್ಡು ಮುಗಿಸುವಾಗ ನಾನು ಮೀಸೆ ತಿರುವುತ್ತಿದ್ದೆ. ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ, ಆ ಮಾತು ಬೇರೆ.

ಆಮೇಲೆ ಅರಳೆಯ ಧಾರಣೆ ಬಿತ್ತು. ಗದಗಿನ ಪೇಟೆಯಲ್ಲಿ ಅರಳೆ ತುಂಬಿದ ಅಂಡಿಗೆಗಳು ಕೊಳ್ಳುವವರಿಲ್ಲದೆ ಉಳಿದವು, ಬೆಟಗೇರಿಯಲ್ಲಿ ಮಗ್ಗಗಳ ಸಪ್ಪಳ ಕಡಿಮೆಯಾಯಿತು. ಪೇಟೆ ಮಲಗಿದರೆ ಸರಕಾರಕ್ಕೆ ಬರುವ ತೆರಿಗೆಯೂ ಮಲಗುತ್ತದೆ ಎಂಬುದು ನನಗೆ ತಿಳಿದದ್ದು ಮೇಲಿನಿಂದ ಕಾಟಕಸರಿನ, ಅಂದರೆ ಖರ್ಚು ಕಡಿತದ, ಹುಕುಂ ಬಂದಾಗ. ಅಗತ್ಯವಿಲ್ಲದ ಹಂಗಾಮಿ ಜಾಗಗಳನ್ನು ತೆಗೆಯಬೇಕಂತೆ. ಪಟ್ಟಿಯ ಮೊದಲಿಗೇ ನಮ್ಮ ನರ್ಸಬಾಯಿ! ಎರಡು ವರ್ಷ ಚಕ್ಕಡಿ ಬಾಡಿಗೆ ಖರ್ಚಾಗಿಲ್ಲ, ಅಂದರೆ ನರ್ಸಬಾಯಿ ಹಳ್ಳಿಗೆ ಹೋಗಿಯೇ ಇಲ್ಲ ಎಂದು ಕಾರಣ ಬರೆದಿದ್ದರು.

ಅಯ್ಯೋ ಶಿವನೇ! ಹೆರಿಗೆಗೆ ಕರೆ ಬಂದರೆ ಉಣ್ಣುವ ತಾಟು ಬಿಟ್ಟು ಎದ್ದು ಹೋಗುತ್ತಿದ್ದ ಹೆಣ್ಣುಮಗಳು ಆಕೆ. ಆಕೆಗೆ ಹುಕುಂ ಓದಿ ಹೇಳಿ, ತಪ್ಪು ನನ್ನದೇ ಎಂದೂ ಹೇಳಿದೆ. ಆಕೆ ಬೈದಿದ್ದರೆ ಎಷ್ಟೋ ಚಲೋ ಇತ್ತು.

“ಮುಂಡರಗ್ಯಾಗ ಅಣ್ಣನ ಮನಿ ಬಾಗಲಾ ತೆರದೈತಿ, ಅತ್ತಿಗಿ ಬಾಯೀನೂ ತೆರದೈತಿ. ಅಲ್ಲೇ ಹೋಗೂದು, ಮತ್ತೇನ್ ಮಾಡೂದ್ರಿ” ಎಂದರು.

ಹೆರಿಗೆಗಳನ್ನು ಬರೆದಿಟ್ಟ ಪುಸ್ತಕ ಬಗಲಲ್ಲಿ ಇಟ್ಟುಕೊಂಡು ಮರುದಿನವೇ ಧಾರವಾಡಕ್ಕೆ ಹೋದೆ. ಅಲ್ಲಿಯ ಸಾಹೇಬರು ಪುಟ ತಿರುವಿ ನೋಡಿದರು.

“ಇದು ನೀವ ಬರಕೊಂಡದ್ದು. ಹಳ್ಳಿಗೆ ಹೋಗಿದ್ದಕ್ಕ ಪಾವತಿ ಎಲ್ಲೈತ್ರಿ?”

“ನಾವು ಉಳಿಸಿ ಕೊಟ್ಟ ದುಡ್ಡು ಇಂಥಾ ಕಾಲಕ್ಕ ಅಂತ ಇಟ್ಟಿಲ್ಲೇನ್ರಿ?”

ಅವರು ನಕ್ಕರು, ಆದರೆ ಹಂಗಿಸಲಿಲ್ಲ. “ತಮ್ಮಾ, ಅದು ಆ ಮಾರ್ಚಿನಾಗ ಖಜಾನಿಗೆ ಕೂಡಿಹೋತು. ನಿಮ್ಮ ಹೆಸರಿಲೆ ಯಾರೂ ಎತ್ತಿಡೂದಿಲ್ಲ. ನೀವು ವಾಪಸ್ ಕೊಟ್ರ ನಿಮಗ ಬ್ಯಾಡ ಅಂತನ ಅರ್ಥ. ಗಾಡಿಯವರ ಹೆಬ್ಬಟ್ಟು ಇರೂ ಪಾವತಿ ತರ್ರಿ. ಎಂಟು ದಿನ ಈ ಕಾಗದ ಮುಂದ ಕಳಸೂದಿಲ್ಲ.”

ಖರೆ ಹೇಳುತ್ತೇನೆ, ನಾನು ಸುಳ್ಳು ಪಾವತಿ ಬರೆದುಕೊಂಡೇ ಯಳವತ್ತಿಗೆ ಹೋದೆ. ಅದೇ ಮುದುಕ ಕಟ್ಟೆಯ ಮೇಲೆ ಮೊಮ್ಮಗನನ್ನು ಆಡಿಸುತ್ತ ಕೂತಿದ್ದ. ಪಾವತಿಯಲ್ಲಿ ಏನಿದೆ ಎಂದು ಕೇಳಿದವನೇ ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡ.

“ಇಸ್ಕೊಳ್ಳದ ಬಾಡಿಗಿ ಇಸ್ಕೊಂಡೀನಿ ಅಂತ ಒತ್ತಲೇನ್ರಿ? ಕೂಸು ಈಗರ ತೊದಲ ಮಾತಾಡಾಕತ್ತೈತಿ. ನನ್ನ ಕೈಲೆ ಆಗೂದಿಲ್ಲ.”

ನನಗೆ ಸಿಟ್ಟು ನೆತ್ತಿಗೇರಿತು. “ನಿನ್ನ ಮೊಮ್ಮಗನ್ನ ಭೂಮಿಗೆ ತಂದಾಕಿ ನೌಕರಿ ಹೊಂಟೈತಿ! ಅದಕ್ಕೇನಂತಿ?”

ಮುದುಕ ಮೊಮ್ಮಗನನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡ. ಕಣ್ಣು ತುಂಬಿದ್ದವು. “ಖರೇದ ಬರೀರಿ ಕಾರಕೂನರ. ಹತ್ತೂ ಬೆರಳು ಒತ್ತತೀನಿ” ಎಂದ.

ನಾಚಿಕೆಯಾಯಿತು. ಪಾವತಿ ಹರಿದು ಹಾಕಿ, ಅಲ್ಲೇ ಕೂತು ಇದ್ದದ್ದನ್ನು ಇದ್ದಂತೆ ಬರೆದೆ: ನರ್ಸಬಾಯಿಯವರು ನಮ್ಮೂರಿಗೆ ಬಂದದ್ದು ನಿಜ, ನಾವೇ ಕರೆತಂದೆವು, ಬಾಡಿಗೆ ತೆಗೆದುಕೊಳ್ಳುವುದು ನಮ್ಮಲ್ಲಿ ಪಾಪ. ಮುದುಕ ಒತ್ತಿದ. ಸುದ್ದಿ ತಿಳಿದು ಹೆಣ್ಣುಮಕ್ಕಳು ಕೂಸುಗಳನ್ನು ಬಗಲಲ್ಲಿ ಎತ್ತಿಕೊಂಡು ಬಂದರು. “ನಮ್ಮದೂ ಹಚ್ಚಿಕೊಳ್ರಿ, ಹಡದಾವ್ರು ನಾವು” ಎಂದು ಜಗಳಕ್ಕೇ ನಿಂತರು. ಶಿಗ್ಲಿ, ಬಾಳೆಹೊಸೂರಿನಲ್ಲೂ ಹಾಗೇ ಆಯಿತು. ಎಂಟು ದಿನ ಮುಗಿಯುವುದರೊಳಗೆ ಆ ಕಾಗದಗಳನ್ನು ಧಾರವಾಡಕ್ಕೆ ಮುಟ್ಟಿಸಿ ಬಂದೆ.

ಮಾರ್ಚ್ ಕೊನೆಗೆ ಜವಾಬು ಬಂತು. ಅದನ್ನು ಹಿಡಿದು ನರ್ಸಬಾಯಿಯವರ ಖೋಲಿಗೆ ಓಡಿದೆ. ಟ್ರಂಕಿಗೆ ಹಗ್ಗ ಬಿಗಿದು ಅದರ ಮೇಲೇ ಕೂತಿದ್ದರು. ನರ್ಸಬಾಯಿಯ ಜಾಗ ಮುಂದುವರಿಸಲಾಗಿದೆ ಎಂಬ ಮೊದಲ ಸಾಲು ಓದಿದೆ. ಆಕೆ ಸೆರಗಿನಿಂದ ಮುಖ ಮುಚ್ಚಿಕೊಂಡರು. ಎರಡನೆಯ ಸಾಲು ಓದುವಾಗ ನನ್ನ ದನಿಯೇ ಇಳಿಯಿತು. ಜನರು ಪುಕ್ಕಟೆ ಗಾಡಿ ಹೂಡುತ್ತಿರುವುದು ಸಾಬೀತಾದ ಕಾರಣ, ಚಕ್ಕಡಿ ಬಾಡಿಗೆಯನ್ನು ಇನ್ನು ಮುಂದೆ ಬಜೆಟ್ಟಿನಿಂದ ತೆಗೆದುಹಾಕಲಾಗಿದೆ.

ಸೆರಗಿನೊಳಗಿನಿಂದ ಆಕೆ ನಕ್ಕರೋ ಅತ್ತರೋ ತಿಳಿಯಲಿಲ್ಲ. ಕೊನೆಗೆ ಮುಖ ಒರೆಸಿಕೊಂಡು ನನ್ನೆದುರು ಎರಡೂ ಕೈ ಜೋಡಿಸಿದರು.

“ಹೋಗ್ಲಿ ಬಿಡ್ರಿ ಕಾರಕೂನರ. ಆದ್ರ ನಿಮ್ಮ ಕಾಲಿಗೆ ಬೀಳ್ತೀನಿ, ಇನ್ನ ಮ್ಯಾಲ ನನ್ನ ಹೆಸರಿಲೆ ಸರಕಾರಕ್ಕ ಏನೂ ಉಳಸಬ್ಯಾಡ್ರಿ.”